ತೂಕಕ್ಕೆ ಹಾಕುವ ಮೊದಲು: ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮನೆಗಳವರಿಗೆ ಒಂದು ಬಹಿರಂಗ ಪತ್ರ

ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಯಜಮಾನರಿಗೆ, ಅವರ ಮಕ್ಕಳು ಮೊಮ್ಮಕ್ಕಳಿಗೆ, ಮತ್ತು ನಮ್ಮ ಊರಿನ ಎಲ್ಲರಿಗೂ ನಮಸ್ಕಾರ.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ನಮ್ಮ ಬೀದಿಯಲ್ಲಿ ಗುಜರಿ ಲಾರಿಯೊಂದು ಹೋಯಿತು. ಅಪ್ಪ ಜಗುಲಿಯ ಮೇಲೆ ಕೂತಿದ್ದರು. ಅವರಿಗೆ ಈಗ 84. ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಲಾರಿ ತಿರುವು ದಾಟಿದ ಮೇಲೆ, "ಎಕ್ಸ್‌ಪೆಲ್ಲರ್ ಹೋಯ್ತು ನೋಡಮ್ಮ" ಅಂದರು. ನಾನು ಓಡಿಹೋಗಿ ನೋಡಿದೆ. ನಿಜ. ಗ್ಯಾಸ್ ಕಟರ್‌ನಲ್ಲಿ ತುಂಡು ಮಾಡಿದ ಹಳೇ ಎಣ್ಣೆ ಯಂತ್ರ. ನಿಮಗೆ ಹೇಗೆ ಗೊತ್ತಾಯ್ತಪ್ಪ ಅಂತ ಕೇಳಿದೆ. ಅವರು ಮೂಗು ಮುಟ್ಟಿ ತೋರಿಸಿದರು.

ಅಪ್ಪ 31 ವರ್ಷ ಒಂದು ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದರು. ಅವರ ಅಂಗಿಯನ್ನು ಅಮ್ಮ ಬೇರೆ ಬಕೆಟ್ಟಿನಲ್ಲೇ ನೆನೆಸುತ್ತಿದ್ದರು. ಎಷ್ಟು ತೊಳೆದರೂ ಬೆಂದ ಶೇಂಗಾದ ವಾಸನೆ ಹೋಗುತ್ತಿರಲಿಲ್ಲ. ನನಗೆ ಅದು ಅಪ್ಪನ ವಾಸನೆ. ಮಿಲ್ಲಿನ ವಾಸನೆ ಅಂತ ಗೊತ್ತಾಗಿದ್ದು ದೊಡ್ಡವಳಾದ ಮೇಲೆ.

ನಾನು ಕೇಳುವುದನ್ನು ಮೊದಲೇ ಹೇಳಿಬಿಡುತ್ತೇನೆ. ಬಾಗಿಲು ಮುಚ್ಚಿದ ಮಿಲ್ಲು ನಿಮ್ಮದಾಗಿದ್ದರೆ, ಅದರ ಒಂದು ಶೆಡ್ಡನ್ನು ನಮಗೆ ಕೊಡಿ. ಮಾರಬೇಡಿ, ದಾನವೂ ಮಾಡಬೇಡಿ. ಕೆಲವು ವರ್ಷದ ಮಟ್ಟಿಗೆ ಕೈಗೆ ಬೀಗದ ಕೈ ಕೊಡಿ, ಸಾಕು. ಒಳಗೆ ಒಂದೇ ಒಂದು ಎಕ್ಸ್‌ಪೆಲ್ಲರ್ ನಿಂತ ಜಾಗದಲ್ಲೇ ನಿಂತಿರಲಿ. ಅದರ ಸುತ್ತ ನಾವು ಕೂತು ಕೆಲಸ ಮಾಡುತ್ತೇವೆ.

ನಾವು ಅಂದರೆ ಯಾರು ಅಂತ ಕೇಳುತ್ತೀರಿ. ಹೆಸರು, ಲೆಟರ್‌ಹೆಡ್ ಇರುವ ಸಂಘ ಅಲ್ಲ. ಕೌದಿ ಹೊಲಿಯುವ ಒಂಬತ್ತು ಜನ ಹೆಣ್ಣುಮಕ್ಕಳು. ಕಂಬಳಿ ನೇಯುವ ಇಬ್ಬರು. ಒಬ್ಬರು ಕುಂಬಾರರು. ಎಣ್ಣೆ ಡಬ್ಬಕ್ಕೆ ಬೆಸುಗೆ ಹಾಕುತ್ತಿದ್ದ ಒಬ್ಬ ಅಣ್ಣ. ಬೋರ್ಡ್ ಬರೆಯುವ ಒಬ್ಬ ಪೇಂಟರ್. ಮಿಲ್ಲುಗಳಲ್ಲಿ ಹಮಾಲಿ ಮಾಡಿದ ಮೂವರು ಹಿರಿಯರು. ಮತ್ತೆ ನನ್ನ ಶಾಲೆಯ ಮಕ್ಕಳು. ನಾನು ಡ್ರಾಯಿಂಗ್ ಟೀಚರ್.

ಇದು ಶುರುವಾಗಿದ್ದು ಒಂದು ಪೀರಿಯಡ್ಡಿನಲ್ಲಿ. ಏಳನೇ ಕ್ಲಾಸಿನ ಮಕ್ಕಳಿಗೆ, "ಎಣ್ಣೆ ಅಂದರೆ ನಿಮಗೆ ಏನು ನೆನಪಾಗುತ್ತೋ ಅದನ್ನು ಬಿಡಿಸಿ" ಅಂದೆ. ಮಿಲ್ಲು ಬರುತ್ತೆ, ದೀಪ ಬರುತ್ತೆ, ಬಾಣಲೆಯಲ್ಲಿ ಬಜ್ಜಿ ಬರುತ್ತೆ ಅಂದುಕೊಂಡಿದ್ದೆ. ಮೂವತ್ತೆಂಟು ಹಾಳೆಗಳಲ್ಲಿ ಇಪ್ಪತ್ತೊಂದರಲ್ಲಿ ಇದ್ದದ್ದು ಹೆಂಡದ ಬಾಟಲಿ. ಒಬ್ಬ ಹುಡುಗ ಬಾಟಲಿ ಪಕ್ಕ ಮಲಗಿದ ಮನುಷ್ಯನನ್ನೂ ಬಿಡಿಸಿದ್ದ. ಕೆಳಗೆ "ನಮ್ಮ ಮಾವ" ಅಂತ ಬರೆದಿದ್ದ.

ನಾನು ಮಕ್ಕಳ ಮೇಲೆ ಸಿಟ್ಟಾಗಲಿಲ್ಲ. ಅವರು ಕೇಳಿದ್ದನ್ನೇ ಬಿಡಿಸಿದ್ದರು. ಈಗ ಬೀದಿಯಲ್ಲಿ ಎಣ್ಣೆ ಅಂದರೆ ಅದೇ ಅರ್ಥ, ಅಲ್ವಾ? ಆದರೆ ಇದು ಚಳ್ಳಕೆರೆ. ಎಣ್ಣೆ ನಗರ ಅಂತ ಹೆಸರು ಪಡೆದ ಊರು. ಎಣ್ಣೆ ವ್ಯಾಪಾರದಲ್ಲಿ ಎರಡನೇ ಮುಂಬೈ ಅಂತ ಕರೆಸಿಕೊಂಡ ಊರು. ಈ ಊರಿನ ಮಗುವಿಗೆ ಆ ಪದದ ಉಳಿದ ಅರ್ಥಗಳೆಲ್ಲ ಎಲ್ಲಿ ಹೋದವು? ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪದವನ್ನೇ ಸ್ವಲ್ಪ ನೋಡಿ. ಎಳ್ಳು ಮತ್ತು ನೆಯ್ ಸೇರಿ ಎಣ್ಣೆ ಆಯಿತು. ನೆಯ್ ಅಂದರೆ ಜಿಡ್ಡು. ಬೆಳ್ಳಗಿನ ನೆಯ್ ಬೆಣ್ಣೆ ಆದ ಹಾಗೆ, ಎಳ್ಳಿನ ನೆಯ್ ಎಣ್ಣೆ. ಆಮೇಲೆ ಬಂದ ಶೇಂಗಾ, ಕುಸುಬೆ, ಸೂರ್ಯಕಾಂತಿ ಎಲ್ಲದರ ರಸಕ್ಕೂ ನಾವು ಎಳ್ಳಿನ ಹೆಸರನ್ನೇ ಕೊಟ್ಟೆವು. ಕಡಲಾಚೆಯಿಂದ ಬಂದಿದ್ದು ಸೀಮೆಎಣ್ಣೆ ಆಯಿತು. ನೆಲದೊಳಗಿಂದ ಬಂದಿದ್ದು ಕಲ್ಲೆಣ್ಣೆ ಆಯಿತು. ಗಾಡಿಯ ಅಚ್ಚಿಗೆ ಹಾಕಿದ್ದು ಕೀಲೆಣ್ಣೆ. ಮದುವೆಗೆ ಮೊದಲು ಎಣ್ಣೆ ಶಾಸ್ತ್ರ, ಹಬ್ಬಕ್ಕೆ ಎಣ್ಣೆ ನೀರು, ಹೆರಿಗೆಯಾದ ಮೇಲೆ ಬಾಣಂತಿ ಮೈಗೆ ಎಣ್ಣೆ. ಜತನವಾಗಿ ಕಾಯುವುದಕ್ಕೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದು ಅಂತೀವಿ. ಇಷ್ಟೆಲ್ಲ ಹೊತ್ತಿದ್ದ ಪದ ಈಗ ಒಂದು ಬಾಟಲಿಗೆ ಇಳಿದಿದೆ.

ಮಾತಿನಲ್ಲಿ ಪಾಠ ಮಾಡಿದರೆ ಮಕ್ಕಳಿಗೆ ತಲುಪುವುದಿಲ್ಲ. ಕೈಯಲ್ಲಿ ಮಾಡಿಸಬೇಕು ಅನ್ನಿಸಿತು. ಮಕ್ಕಳ ಕೈ ಒಂದೇ ಸಾಲದು, ದೊಡ್ಡವರ ಕೈಯೂ ಬೇಕು. ಹಾಗಾಗಿ ಮನೆಮನೆಗೆ ಹೋದೆ. ಒಂದು ವರ್ಷದಲ್ಲಿ ನಾವು ಮಾಡಿ, ದೀಪಾವಳಿಗೆ ಪ್ರದರ್ಶನಕ್ಕಿಟ್ಟ ಕೆಲವನ್ನು ನಿಮಗೆ ಹೇಳಲೇಬೇಕು.

ಮೊದಲು ಕೌದಿ. ಮಿಲ್ಲಿನಲ್ಲಿ ಎಣ್ಣೆ ಸೋಸುವ ಫಿಲ್ಟರ್ ಪ್ರೆಸ್ಸಿನ ದಪ್ಪ ಬಟ್ಟೆ ನಿಮಗೆ ನೆನಪಿರುತ್ತದೆ. ಒಂದು ಹಳೇ ಗೋಡೌನಿನಲ್ಲಿ ಅಂಥ ಬಟ್ಟೆಯ ದೊಡ್ಡ ಗಂಟು ಸಿಕ್ಕಿತು. ಒಣಗಿದ ಜಿಡ್ಡಿನಿಂದ ಹಲಗೆ ಹಾಗೆ ಬಿರುಸಾಗಿತ್ತು. ಕಮಟು ವಾಸನೆ ಬೇರೆ. ಹೆಣ್ಣುಮಕ್ಕಳು ಅದನ್ನು ವಾಷಿಂಗ್ ಸೋಡಾ ಹಾಕಿ ಕುದಿಸಿದರು. ಆಮೇಲೆ ಸೀಗೆಕಾಯಿ. ಎಣ್ಣೆಗೂ ಸೀಗೆಕಾಯಿಗೂ ಆಗಿಬರಲ್ಲ ಅಂತಾರೆ. ಈ ಸಲ ಎಣ್ಣೆಯೇ ಗೆದ್ದಿತು. ಬಟ್ಟೆ ಮೆತ್ತಗಾಯಿತು, ಆದರೆ ಬಣ್ಣ ಹೋಗಲಿಲ್ಲ. ನಡುವೆ ಗಾಢ ಕಂದು, ಅಂಚಿಗೆ ಬರ್ತಾ ಬರ್ತಾ ಹಳದಿ. ಯಾವ ಬಣ್ಣದ ಅಂಗಡಿಯಲ್ಲೂ ಅಂಥ ಬಣ್ಣ ಸಿಗಲ್ಲ.

ಆ ಬಟ್ಟೆಯ ಮೇಲೆ ಹಳೇ ಸೀರೆಯ ತುಂಡು ಜೋಡಿಸಿ ಕೌದಿ ಹೊಲಿದರು. ಅದರಲ್ಲಿ ಒಂದು ಕೌದಿಯ ಮುಂದೆ ಜನ ಜಾಸ್ತಿ ಹೊತ್ತು ನಿಂತರು. ಅದನ್ನು ಹೊಲಿದ ಅಕ್ಕನ ಗಂಡ ಹಮಾಲರಾಗಿದ್ದರು. ಈಗಿಲ್ಲ. ಆಕೆ ಕೌದಿಯ ಮೇಲೆ ಚಿತ್ರ ಏನೂ ಹಾಕಿಲ್ಲ. ಕೆಂಪು ದಾರದಲ್ಲಿ ಸಾಲು ಸಾಲು ಹೊಲಿಗೆ ಅಷ್ಟೇ. ಬಲಗಡೆ ಒಂದು ಜಾಗದಲ್ಲಿ ಮಾತ್ರ ಹೊಲಿಗೆ ಒತ್ತಾಗಿ, ಒಂದರ ಮೇಲೊಂದು ಬಂದು ಬಟ್ಟೆ ಗಂಟುಕಟ್ಟಿದೆ. "ಇದೇನಕ್ಕ" ಅಂದೆ. "ಚೀಲ ಹೊತ್ತು ಹೊತ್ತು ಅವರ ಹೆಗಲಲ್ಲಿ ಹಿಂಗೇ ಗಟ್ಟಿಯಾಗಿತ್ತು. ರಾತ್ರಿ ನಾನೇ ಎಣ್ಣೆ ತಿಕ್ಕುತಿದ್ದೆ" ಅಂದರು. ಹಗಲು ಹೊತ್ತ ಶೇಂಗಾ ಚೀಲ ಮಾಡಿದ ಗಂಟನ್ನು ರಾತ್ರಿ ಅದೇ ಶೇಂಗಾದ ಎಣ್ಣೆ ಮೆತ್ತಗೆ ಮಾಡುತ್ತಿತ್ತು. ಮೂವತ್ತು ವರ್ಷ ಬಣ್ಣದ ಬಗ್ಗೆ ಪಾಠ ಮಾಡಿದವಳು ನಾನು. ಆ ಕೌದಿಯ ಮುಂದೆ ನನಗೆ ಮಾತೇ ಬರಲಿಲ್ಲ.

ಕಂಬಳಿ ನೇಯುವವರು ಮೊದಲು ಒಪ್ಪಲಿಲ್ಲ. "ನಮಗೂ ಎಣ್ಣೆಗೂ ಏನು ಸಂಬಂಧ ಟೀಚರ್, ನಮ್ಮದು ಉಣ್ಣೆ" ಅಂದರು. ನಮ್ಮ ಊರು ಎರಡಕ್ಕೆ ಹೆಸರಾದ ಊರು, ಉಣ್ಣೆ ಮತ್ತು ಎಣ್ಣೆ. ನಾಲ್ಕು ದಿನ ಬಿಟ್ಟು ಅವರೇ ಬಂದರು. ಕುರಿಯ ಉಣ್ಣೆಯಲ್ಲಿ ಹುಟ್ಟಿನಿಂದಲೇ ಜಿಡ್ಡು ಇರುತ್ತದೆ, ತೊಳೆದರೂ ಅದು ಪೂರ್ತಿ ಹೋಗಬಾರದು, ಹೋದರೆ ಕಂಬಳಿ ಮಳೆ ತಡೆಯಲ್ಲ ಅಂತ ವಿವರಿಸಿದರು. "ಅದು ಕುರಿಯ ಎಣ್ಣೆ, ಯಾವ ಗಾಣಕ್ಕೂ ಹಾಕದ್ದು." ಅವರು ನೇಯ್ದ ಕಂಬಳಿಯ ಅರ್ಧ ಭಾಗಕ್ಕೆ ಸೋಪಿನಲ್ಲಿ ಚೆನ್ನಾಗಿ ತೊಳೆದ ಉಣ್ಣೆ, ಇನ್ನರ್ಧಕ್ಕೆ ಜಿಡ್ಡು ಉಳಿಸಿದ ಉಣ್ಣೆ. ಮಗ್ಗದ ಹಾಸಿನ ಎಳೆಗಳಿಗೆ ಎಂದಿನಂತೆ ಹುಣಸೆ ಬೀಜದ ಗಂಜಿ. ಪ್ರದರ್ಶನದಲ್ಲಿ ಪಕ್ಕಕ್ಕೆ ಒಂದು ಚೊಂಬು ನೀರು ಇಟ್ಟಿದ್ದೆವು. ಮಕ್ಕಳು ಎರಡೂ ಕಡೆ ನೀರು ಚಿಮುಕಿಸಿ ನೋಡುತ್ತಿದ್ದರು. ಒಂದು ಕಡೆ ನೀರು ಇಂಗುತ್ತಿತ್ತು. ಇನ್ನೊಂದು ಕಡೆ ಹನಿ ಮುತ್ತಾಗಿ ಉರುಳುತ್ತಿತ್ತು.

ಮಕ್ಕಳು ಮಸಿ ಮಾಡಿದರು. ಹರಳೆಣ್ಣೆ, ಶೇಂಗಾ ಎಣ್ಣೆ, ಹೊಂಗೆ ಎಣ್ಣೆ, ಬೇವಿನೆಣ್ಣೆ, ಸೀಮೆಎಣ್ಣೆ. ಐದು ದೀಪ ಹಚ್ಚಿ, ಪ್ರತಿಯೊಂದರ ಮೇಲೂ ಮಣ್ಣಿನ ತಟ್ಟೆ ಕವುಚಿ, ಹತ್ತಿದ ಕಪ್ಪನ್ನು ಕೆರೆದು ತೆಗೆದರು. ಅಜ್ಜಿಯರು ಕಾಡಿಗೆ ಮಾಡುತ್ತಿದ್ದುದು ಹೀಗೇ. ಸೀಮೆಎಣ್ಣೆಯ ಕಪ್ಪು ಬೇಗ ಬಂತು, ರಾಶಿ ಬಂತು, ಕೈಗೆಲ್ಲ ಮೆತ್ತಿತು. ಹರಳೆಣ್ಣೆಯದು ನಿಧಾನ. ಆದರೆ ನುಣುಪು. ಅದಕ್ಕೆ ಜಾಲಿ ಮರದ ಅಂಟು ಕಲಸಿ ಶಾಯಿ ಮಾಡಿದೆವು. ಆ ಶಾಯಿಯಲ್ಲಿ ಮಕ್ಕಳು ಬಿಡಿಸಿದ್ದು ಮನೆಯ ಹಿರಿಯರ ಕೈಗಳನ್ನು. ಬರೀ ಕೈ. ಬಾಟಲಿ ಪಕ್ಕ ಮಾವನನ್ನು ಬಿಡಿಸಿದ್ದ ಹುಡುಗ ಈ ಸಲ ಅಜ್ಜಿಯ ಕೈ ಬಿಡಿಸಿದ. ಹರಳೆಣ್ಣೆಯ ಮಸಿಯಲ್ಲಿ.

ಆ ಹುಡುಗನ ಮೊದಲ ಚಿತ್ರವನ್ನೂ ನಾವು ಬಚ್ಚಿಡಲಿಲ್ಲ. ಎಣ್ಣೆಯ ಎಲ್ಲ ಅರ್ಥಗಳನ್ನೂ ತೋರಿಸುತ್ತೇವೆ ಅಂದ ಮೇಲೆ ಅದನ್ನು ಬಿಡುವುದು ಸರಿಯಲ್ಲ ಅಂತ ಹೆಣ್ಣುಮಕ್ಕಳೇ ಹಠ ಹಿಡಿದರು. ಹೊಲದ ಬದುವಿನಲ್ಲಿ, ಚರಂಡಿಯಲ್ಲಿ ಬಿದ್ದಿದ್ದ ಖಾಲಿ ಕ್ವಾರ್ಟರ್ ಬಾಟಲಿಗಳನ್ನು ಆರಿಸಿ ತಂದರು. ಡಬ್ಬದ ಅಣ್ಣ ಒಂದೊಂದಕ್ಕೂ ತಗಡಿನ ಮುಚ್ಚಳ ಮಾಡಿ ನಡುವೆ ಬತ್ತಿ ಕೂರಿಸಿದರು. ಕರೆಂಟಿಲ್ಲದ ಕಾಲದಲ್ಲಿ ಔಷಧಿ ಸೀಸೆಯಲ್ಲಿ ಮಾಡುತ್ತಿದ್ದ ಬುಡ್ಡಿ ದೀಪದ ಹಾಗೆ. ಅರವತ್ತು ಬುಡ್ಡಿಗಳನ್ನು ಕತ್ತಲೆ ಕೋಣೆಯಲ್ಲಿ ನೆಲದ ಮೇಲೆ ಸಾಲಾಗಿ ಹಚ್ಚಿದೆವು. ಒಳಗೆ ಹೊಂಗೆ ಎಣ್ಣೆ. ಒಬ್ಬ ತಾಯಿ ಬಾಗಿಲಲ್ಲೇ ನಿಂತು, ಒಳಗೆ ಬರದೆ, ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಬುಡ್ಡಿ ಕೇಳಿ ಮನೆಗೆ ತೆಗೆದುಕೊಂಡು ಹೋದರು. ಯಾಕೆ ಅಂತ ನಾವು ಕೇಳಲಿಲ್ಲ.

ಕುಂಬಾರರು ಹಣತೆ ಮಾಡಿದರು. ಅದರಲ್ಲೇನು ವಿಶೇಷ ಅಂತ ಕೇಳಬಹುದು. ಅವರು ಹೇಳಿದ ಮಾತು ಕೇಳಿ. "ಹೊಸ ಹಣತೆ ಮೊದಲು ತಾನು ಕುಡಿಯುತ್ತೆ, ಆಮೇಲೆ ಬತ್ತಿಗೆ ಬಿಡುತ್ತೆ. ಅದಕ್ಕೇ ಮೊದಲು ನೀರಲ್ಲಿ ನೆನೆಸೋದು." ಅವರು ಹತ್ತು ಹಣತೆಗಳನ್ನು ನೆನೆಸದೆ ಹಾಗೇ ಇಟ್ಟು ಎಣ್ಣೆ ಹಾಕಿದರು. ಮೂರು ದಿನದಲ್ಲಿ ಎಣ್ಣೆ ಮಣ್ಣಿನ ಮೈಯಲ್ಲಿ ಎಷ್ಟೆಷ್ಟು ಏರಿತು ಅನ್ನುವುದು ಕಣ್ಣಿಗೆ ಕಾಣುತ್ತಿತ್ತು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ಹೋಗುವ ನಮ್ಮವರಿಗೆ ಎಣ್ಣೆಯ ಇನ್ನೊಂದು ರೂಪ ಗೊತ್ತು. ಅಲ್ಲಿ ಹರಕೆ ಹೊತ್ತವರು ಒಣ ಕೊಬ್ಬರಿ ಸುಡುತ್ತಾರೆ. ಆ ಬೆಂಕಿಗೆ ಯಾರೂ ಎಣ್ಣೆ ಸುರಿಯಬೇಕಿಲ್ಲ. ಕೊಬ್ಬರಿಯೇ ಎಣ್ಣೆ. ಹಳೇ ಶಾಸನಗಳಲ್ಲಿ ಗಾಣಕ್ಕೆ ಇಷ್ಟು ಸೊಲ್ಲಿಗೆ ಎಣ್ಣೆ ಅಂತ ಗುಡಿಯ ನಂದಾದೀಪಕ್ಕೆ ಬಿಟ್ಟ ದಾನಗಳಿವೆ. ಗಾಣದೆರೆ ಅಂತ ಗಾಣಕ್ಕೆ ತೆರಿಗೆಯೂ ಇತ್ತು. ದೇವರಿಗೂ ಅರಸನಿಗೂ ಗಾಣ ಬೇಕಿತ್ತು.

ಇನ್ನೊಂದು ಕೆಲಸ ಉಳಿಯಲಿಲ್ಲ, ಆದರೆ ನನಗೆ ಅದೇ ಜಾಸ್ತಿ ನೆನಪಿದೆ. ಹಮಾಲರಾಗಿದ್ದ ಹಿರಿಯರು ಶೇಂಗಾ ಹಿಂಡಿಯನ್ನು ನೆನೆಸಿ ಕಲಸಿ ಗಾಣದೆತ್ತು ಮಾಡಿದ್ದರು. ಮೊಣಕಾಲೆತ್ತರದ ಎತ್ತು. ಎರಡನೇ ದಿನ ಬೆಳಗ್ಗೆ ಬಂದು ನೋಡಿದರೆ ಪಕ್ಕದ ಮನೆಯ ಆಡು ಅದರ ಅರ್ಧ ಮೈಯನ್ನು ತಿಂದಿತ್ತು. ನಾನು ಪೇಚಾಡಿದೆ. ಆ ಹಿರಿಯರು ಮಾತ್ರ ಉಳಿದ ಅರ್ಧವನ್ನು ಒಡೆದು ತಾವೇ ಆಡಿನ ಮುಂದೆ ಇಟ್ಟರು. "ಹಿಂಡಿ ಇರೋದು ತಿನ್ನಲಿಕ್ಕೆ ಕಣಮ್ಮ. ಎಣ್ಣೆ ಮನುಷ್ಯನಿಗೆ, ಹಿಂಡಿ ದನಕ್ಕೆ, ಹೊಟ್ಟು ಒಲೆಗೆ. ಶೇಂಗಾದಲ್ಲಿ ಬಿಸಾಕೋದು ಏನೂ ಇಲ್ಲ" ಅಂದರು.

ಏಳನೇ ಕ್ಲಾಸಿನ ಒಬ್ಬಳು ಜೋಳದ ದಂಟು ಮತ್ತು ಬೆಂಡಿನಲ್ಲಿ ಪೆಟ್ರೋಲ್ ಬಂಕ್ ಮಾಡಿದಳು. ಟ್ಯಾಂಕರ್ ಕೂಡ. "ಇದರ ಎಣ್ಣೆ ಎಲ್ಲಿಂದ ಬರುತ್ತೆ ಮಿಸ್" ಅಂದಳು. ಹಡಗಿನಲ್ಲಿ ಬರುತ್ತೆ, ನಮ್ಮದೇ ರಾಜ್ಯದ ಮಂಗಳೂರು ಮತ್ತು ಪಾದೂರಿನಲ್ಲಿ ನೆಲದಡಿ ಬಂಡೆ ಕೊರೆದು ಗುಹೆ ಮಾಡಿ ಕಚ್ಚಾ ತೈಲ ತುಂಬಿಡುತ್ತಾರೆ, ಪಾದೂರಿನ ಗುಹೆಗಳಲ್ಲೇ 25 ಲಕ್ಷ ಟನ್ ಹಿಡಿಯುತ್ತೆ ಅಂತ ಹೇಳಿದೆ. ಕಲ್ಲಿನಿಂದ ತೆಗೆದು ಮತ್ತೆ ಕಲ್ಲಿಗೇ ಹಾಕ್ತಾರಾ ಅಂತ ಕೇಳಿದಳು. ಮರುದಿನ ಅವಳ ಬಂಕಿನ ಕೆಳಗೆ ನಮ್ಮ ಚಿತ್ರದುರ್ಗದ ಬಂಡೆಯ ಚೂರುಗಳು ಬಂದಿದ್ದವು.

ಇಷ್ಟನ್ನೆಲ್ಲ ಇಡಲು ನಮಗೆ ಜಾಗ ಇರಲಿಲ್ಲ. ಒಂದು ಕಡೆ ಹಾಲ್ ಕೊಡುತ್ತೇವೆ ಅಂದಿದ್ದರು. ಹಿಂದಿನ ದಿನ, "ಎಣ್ಣೆ ಗಿಣ್ಣೆ ಅಂತ ನೆಲ ಗಲೀಜಾಗುತ್ತೆ" ಅಂತ ಬೀಗ ಹಾಕಿಕೊಂಡರು. ಕೊನೆಗೆ ಖಾಲಿ ಮನೆಯೊಂದರ ಎರಡು ಕೋಣೆಯಲ್ಲಿ, ದೀಪಾವಳಿಯ ಮೂರು ದಿನ ತೆರೆದಿಟ್ಟೆವು. ಬಂದ ಜನ ನೋಡಿದರೆ ಆ ಕೋಣೆಗಳು ಸಾಲಲಿಲ್ಲ. ಮುಖ್ಯವಾದ ಮಾತು ಏನೆಂದರೆ, ಬಂದವರು ಬರಿಗೈಲಿ ಬರಲಿಲ್ಲ. ಎರಡನೇ ದಿನದಿಂದ ಜನ ಮನೆಯಿಂದ ವಸ್ತು ತರತೊಡಗಿದರು. ಡಬ್ಬದ ಮೇಲೆ ಮಾರ್ಕಾ ಹೊಡೆಯುವ ತಗಡಿನ ಅಚ್ಚು. ಗೋಣಿ ಹೊಲಿಯುವ ದಬ್ಬಣ. ಕೀಲೆಣ್ಣೆ ತುಂಬುತ್ತಿದ್ದ ಬಿದಿರಿನ ಗೊಟ್ಟ, ಒಳಗೆ ಇನ್ನೂ ಕಪ್ಪು ಅಂಟಿತ್ತು. ಒಬ್ಬರು ಅಳತೆಯ ಪಾವು ತಂದರು. ಎಲ್ಲಕ್ಕೂ ಒಂದು ಕತೆ ಇತ್ತು, ಹೇಳುವವರಿಗೆ ಕೂರಲು ಜಾಗ ಇರಲಿಲ್ಲ. ಮೂರನೇ ದಿನ ಸಂಜೆ ಎಲ್ಲವನ್ನೂ ಮತ್ತೆ ಚೀಲಕ್ಕೆ ತುಂಬಿ ಮನೆಮನೆಗೆ ಹಂಚಿದೆವು. ನನ್ನ ಮಂಚದ ಕೆಳಗೆ ಈಗ ಐವತ್ತೇಳು ಬುಡ್ಡಿಗಳಿವೆ.

ಇನ್ನು ಮಿಲ್ಲುಗಳ ಮಾತು. ಅವು ಯಾಕೆ ಮುಚ್ಚಿದವು ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಮಕ್ಕಳಿಗೆ ಗೊತ್ತಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತೇನೆ. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳುಗಳ ತಾಂತ್ರಿಕ ಮಿಷನ್ ಶುರು ಮಾಡಿತು. ಕೆಲವೇ ವರ್ಷಗಳಲ್ಲಿ ದೇಶಕ್ಕೆ ಬೇಕಾದ ಅಡುಗೆ ಎಣ್ಣೆ ಬಹುಪಾಲು ಇಲ್ಲೇ ಸಿಗುವಂತಾಯಿತು. ಆ ದಿನಗಳಲ್ಲಿ ಅಪ್ಪ ಸೀಸನ್ನಿನಲ್ಲಿ ಮನೆಗೆ ಬರುತ್ತಿದ್ದುದು ರಾತ್ರಿ ಹನ್ನೊಂದಕ್ಕೆ. 1994ರಲ್ಲಿ ಪಾಮೋಲಿನ್ ಆಮದಿನ ಬಾಗಿಲು ತೆರೆಯಿತು. ಆಮೇಲೆ ಸುಂಕ ಇಳಿಯುತ್ತಾ ಹೋಯಿತು. ಕಡಿಮೆ ಬೆಲೆಯ ತಾಳೆ ಎಣ್ಣೆ ಹಡಗು ಹಡಗಾಗಿ ಬಂತು. ಇವತ್ತು ದೇಶ ತಿನ್ನುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನದು. ಇಲ್ಲಿ ಮಳೆ ಕೈಕೊಟ್ಟ ವರ್ಷಗಳೂ ಅದಕ್ಕೆ ಸೇರಿಕೊಂಡವು. ನಮ್ಮದು ಮಳೆ ನಂಬಿದ ಕೆಂಪು ಮಣ್ಣು. ಕಾಯಿ ಕಟ್ಟುವ ಹೊತ್ತಿಗೆ ಒಂದು ಮಳೆ ತಪ್ಪಿದರೆ ಬಳ್ಳಿ ಕಿತ್ತಾಗ ಬರೀ ಜೊಳ್ಳು. ಎಣ್ಣೆ ಬರೋ ಹೊತ್ತಿಗೆ ಗಾಣ ಮುರೀತು ಅನ್ನುವ ಗಾದೆ ಬೇರೆಯವರಿಗೆ ಬರೀ ಗಾದೆ. ನಮಗೆ ಹಾಗಲ್ಲ.

ಮಿಲ್ಲು ಮುಚ್ಚಿದ್ದಕ್ಕೆ ನಾನು ಯಾರನ್ನೂ ದೂರುತ್ತಿಲ್ಲ. ನಷ್ಟ ತಿಂದವರು ನೀವೂ ಹೌದು. ಯಂತ್ರವನ್ನು ಕಬ್ಬಿಣದ ರೇಟಿಗೆ ಮಾರುವಾಗ ನಿಮ್ಮ ಹೊಟ್ಟೆಯಲ್ಲೂ ಏನೋ ಆಗಿರುತ್ತದೆ. ನಮ್ಮ ಅಪ್ಪನ ಯಜಮಾನರು ಬಾಗಿಲು ಹಾಕಿದ ದಿನ ಗುಮಾಸ್ತರ ಕೋಣೆಯಲ್ಲಿ ಕೂತು ಅತ್ತರಂತೆ. ಅಪ್ಪ ಇದನ್ನು ನನಗೆ ಹೇಳಿದ್ದು ಮೊನ್ನೆ ಮೊನ್ನೆ.

ಕೆಲವರು ಹೇಳುತ್ತಾರೆ, "ಸುಮ್ನೆ ಹಳೇದನ್ನು ಯಾಕೆ ಹಿಡ್ಕೊಂಡು ಕೂತಿದ್ದೀರಿ? ಊರಿಗೆ ಬೇಕಾದ್ದು ಕೆಲಸ, ನೀರು." ಈ ಮಾತು ನನಗೆ ತಟ್ಟುತ್ತದೆ. ನೀರಿನ ಮುಂದೆ ಕೌದಿ ದೊಡ್ಡದಲ್ಲ. ಆದರೆ ನಾವು ಕೇಳುತ್ತಿರುವ ಶೆಡ್ಡು ನೀರಿನ ದುಡ್ಡಿನಲ್ಲಿ ಕಟ್ಟುವಂಥದ್ದಲ್ಲ. ಅದು ಈಗಾಗಲೇ ಇದೆ. ಅದರೊಳಗೆ ಬಾವಲಿ ಇದೆ, ಬೀಗಕ್ಕೆ ತುಕ್ಕು ಹಿಡಿದಿದೆ. ಮತ್ತೆ ಕೆಲಸದ ವಿಷಯ. ಫಿಲ್ಟರ್ ಬಟ್ಟೆಯ ಕೌದಿ ನೋಡಿದ ಮೂವರು, ಅಂಥದ್ದೇ ನಮಗೂ ಬೇಕು ಅಂತ ಕೇಳಿ, ಹೇಳಿದ ದುಡ್ಡು ಕೊಟ್ಟು ಒಯ್ದರು. ಹೊಲಿದವರಿಗೆ ಅದು ಅವರ ಕೈಕೆಲಸಕ್ಕೆ ಸಿಕ್ಕ ಮೊದಲ ಸರಿಯಾದ ಬೆಲೆ. ನಾನು ದೊಡ್ಡ ಆಸೆ ಹುಟ್ಟಿಸುತ್ತಿಲ್ಲ. ಆದದ್ದನ್ನು ಹೇಳಿದೆ.

ಇನ್ನೂ ಒಂದು ಮಾತು. ನಾವು ಬಯಸುವುದು ಗಾಜಿನ ಪೆಟ್ಟಿಗೆಯಲ್ಲಿ ವಸ್ತು ಇಟ್ಟು, ಮುಟ್ಟಬೇಡಿ ಅಂತ ಬೋರ್ಡ್ ಹಾಕುವ ಜಾಗ ಅಲ್ಲ. ಎಣ್ಣೆಯನ್ನು ಮುಟ್ಟದೆ ಯಾರಿಗೂ ಅರ್ಥ ಮಾಡಿಸಲು ಆಗಲ್ಲ. ಎಕ್ಸ್‌ಪೆಲ್ಲರ್ ಹೇಗೆ ಹಿಂಡುತ್ತದೆ ಅಂತ ಮಗು ಬಗ್ಗಿ ನೋಡಬೇಕು. ಉಕ್ಕಿನ ಪಟ್ಟಿಗಳ ಗೂಡಿನೊಳಗೆ ತಿರುಪು ತಿರುಗುವುದು, ಆವಿಯಲ್ಲಿ ಬೆಂದ ಬೀಜ ಮುಂದೆ ಹೋದ ಹಾಗೆ ಜಾಗ ಇಕ್ಕಟ್ಟಾಗುವುದು, ಪಟ್ಟಿಗಳ ಸಂದಿಯಿಂದ ಎಣ್ಣೆ ಜಿನುಗುವುದು, ಕೊನೆಯಲ್ಲಿ ಹಿಂಡಿ ಹಪ್ಪಳದ ಹಾಗೆ ಚಕ್ಕೆ ಚಕ್ಕೆಯಾಗಿ ಬೀಳುವುದು. ಇದನ್ನು ಓಡಿಸಿದ ಕೈಗಳು ಇನ್ನೂ ಊರಲ್ಲಿವೆ. ಹತ್ತು ವರ್ಷ ಬಿಟ್ಟರೆ ಇರುತ್ತವೋ ಇಲ್ಲವೋ. ಅವರ ಪಕ್ಕದಲ್ಲಿ ಕೌದಿಯವರು ಕೂರುತ್ತಾರೆ, ಮಗ್ಗ ಇರುತ್ತದೆ, ಕುಂಬಾರರ ತಿಗರಿ ಇರುತ್ತದೆ, ಮಕ್ಕಳು ಶನಿವಾರ ಮಧ್ಯಾಹ್ನ ಬರುತ್ತಾರೆ. ಮುಂದಿನ ಸಲದ ಕೆಲಸಗಳನ್ನು ಆಗಲೇ ಯೋಚಿಸಿದ್ದೇವೆ. ಬಾಣಂತಿಯರ ಎಣ್ಣೆ ನೀರಿನ ಬಗ್ಗೆ ಊರಿನ ಅಜ್ಜಿಯರ ಮಾತು ಕೇಳಿ, ಅದನ್ನು ಒಂದು ಉದ್ದ ಬಟ್ಟೆಯ ಮೇಲೆ ಹೊಲಿಯಬೇಕು ಅಂತ ಇದೆ. ಪೇಂಟರ್ ಅಣ್ಣ ಹಳೇ ಮಿಲ್ಲುಗಳ ಮಾರ್ಕಾಗಳನ್ನೆಲ್ಲ ನೆನಪಿನಿಂದ ತಗಡಿನ ಮೇಲೆ ಬರೆಯಲು ಶುರು ಮಾಡಿದ್ದಾರೆ. ನವಿಲು, ಆನೆ, ತಕ್ಕಡಿ, ಜೋಡೆತ್ತು. ನಿಮ್ಮ ಮನೆಯ ಮಾರ್ಕಾ ಯಾವುದಿತ್ತು ಅಂತ ಹೇಳಿ, ಅದೂ ಸೇರಲಿ.

ಶೆಡ್ಡಿನ ಕರೆಂಟು ಬಿಲ್ಲು ನಾವು ಕಟ್ಟುತ್ತೇವೆ. ಹೆಂಚು ಒಡೆದಿದ್ದರೆ ನಾವೇ ಹೊದಿಸುತ್ತೇವೆ. ಜಾಗ ಮಾರುವ ದಿನ ಬಂದರೆ ಮೂರು ತಿಂಗಳು ಮುಂಚೆ ಹೇಳಿ, ಖಾಲಿ ಮಾಡುತ್ತೇವೆ. ಬೇಕಿದ್ದರೆ ಇದನ್ನೆಲ್ಲ ಛಾಪಾ ಕಾಗದದ ಮೇಲೆ ಬರೆದು ಕೊಡುತ್ತೇವೆ.

ನಗರಸಭೆಯವರಲ್ಲಿ ಮತ್ತು ಜಿಲ್ಲಾಡಳಿತದವರಲ್ಲಿ ನನ್ನ ಕೋರಿಕೆ ಚಿಕ್ಕದು. ನಮ್ಮ ಹಳ್ಳಿಗಳ ಅಂಚಿನಲ್ಲಿ, ಬೇಲಿ ಪಕ್ಕದಲ್ಲಿ ಹಳೇ ಕಲ್ಲು ಗಾಣಗಳು ಬಿದ್ದಿವೆ. ಕೆಲವು ದನ ನೀರು ಕುಡಿಯುವ ಬಾನಿಯಾಗಿವೆ. ಹಾಗೆ ಉಪಯೋಗಕ್ಕೆ ಬಂದಿದ್ದರೆ ಅವು ಅಲ್ಲೇ ಇರಲಿ. ಆದರೆ ರಸ್ತೆ ಅಗಲ ಮಾಡುವಾಗ, ಚರಂಡಿ ತೋಡುವಾಗ ಜೆಸಿಬಿಯವರು ಅವನ್ನು ಒಡೆದು ಜಲ್ಲಿಗೆ ಸೇರಿಸದ ಹಾಗೆ ಒಂದು ಮಾತು ಹೇಳಿ. ಎಲ್ಲೆಲ್ಲಿವೆ ಅಂತ ನನ್ನ ಮಕ್ಕಳು ಪಟ್ಟಿ ಮಾಡುತ್ತಿದ್ದಾರೆ. ಹದಿನಾಲ್ಕು ಸಿಕ್ಕಿವೆ. ಪಟ್ಟಿಯ ಒಂದು ಪ್ರತಿ ನಿಮಗೂ ತಂದು ಕೊಡುತ್ತೇವೆ.

ಊರಿನವರಿಗೆ ಇಷ್ಟೇ. ಅಟ್ಟದ ಮೇಲೆ, ದನದ ಕೊಟ್ಟಿಗೆಯಲ್ಲಿ ಎಣ್ಣೆಗೆ ಸೇರಿದ ಏನೇ ಇದ್ದರೂ ಬಿಸಾಕಬೇಡಿ. ಜಿಡ್ಡಾಗಿದ್ದರೂ ಪರವಾಗಿಲ್ಲ, ಮುರಿದಿದ್ದರೂ ಪರವಾಗಿಲ್ಲ. ಅದರ ಕತೆ ಗೊತ್ತಿರುವವರು ಮನೆಯಲ್ಲಿದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಬನ್ನಿ.

ಮಿಲ್ಲಿನ ಮನೆಗಳವರೇ, ಈ ಪತ್ರ ಓದಿದ ಮೇಲೂ ಶೆಡ್ಡು ಕೊಡಲು ನಿಮಗೆ ಆಗದೇ ಇರಬಹುದು. ಅಣ್ಣತಮ್ಮಂದಿರ ಪಾಲು, ಬ್ಯಾಂಕಿನ ಸಾಲ, ಏನೇನೋ ಇರುತ್ತವೆ. ನನಗೆ ಅರ್ಥವಾಗುತ್ತದೆ. ಹಾಗಿದ್ದರೆ ಯಂತ್ರವನ್ನಾದರೂ ತೂಕಕ್ಕೆ ಹಾಕುವ ಮೊದಲು ಒಂದು ಮಾತು ಹೇಳಿ ಕಳಿಸಿ. ಗುಜರಿಯವರು ಕೊಡುವ ರೇಟನ್ನೇ ನಾವೂ ಕೊಡುತ್ತೇವೆ. ಕೌದಿ ಮಾರಿದ ದುಡ್ಡಿನಲ್ಲಿ ಒಂದು ಪಾಲು ಅದಕ್ಕೆ ಅಂತಲೇ ಎತ್ತಿಟ್ಟಿದ್ದಾರೆ. ಟ್ರ್ಯಾಕ್ಟರ್ ನಾವೇ ತರುತ್ತೇವೆ. ಇಳಿಸಿ ಏರಿಸಲು ಆ ಮೂವರು ಹಿರಿಯರ ಮಕ್ಕಳು ಬರುತ್ತಾರೆ. ಗ್ಯಾಸ್ ಕಟರ್ ಹಚ್ಚಬೇಡಿ. ಅಪ್ಪನಿಗೆ ಅದರ ಬೋಲ್ಟುಗಳೆಲ್ಲ ಬಾಯಿಪಾಠ, ಯಾವುದನ್ನು ಮೊದಲು ಬಿಚ್ಚಬೇಕು ಅಂತ ಕುರ್ಚಿ ಹಾಕಿಕೊಂಡು ಕೂತು ಹೇಳುತ್ತಾರೆ.

ಇಂತಿ,
ಮಿಲ್ಲಿನ ಗುಮಾಸ್ತರ ಮಗಳು, ಡ್ರಾಯಿಂಗ್ ಟೀಚರ್
ಚಳ್ಳಕೆರೆ